ಮಾತ್ರೆ ಕೊಟ್ಟವರು ಮರುದಿನವೂ ಬಾಗಿಲು ತಟ್ಟಲಿ

ಆಶಾ ಕಾರ್ಯಕರ್ತೆ ಬಾಗಿಲು ತಟ್ಟುತ್ತಾರೆ. ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ವಿಚಾರಿಸುತ್ತಾರೆ, ವಯಸ್ಸು ಬರೆದುಕೊಳ್ಳುತ್ತಾರೆ, ಲೆಕ್ಕ ಹಾಕಿ ಮಾತ್ರೆಗಳನ್ನು ಮನೆಯೊಡತಿಯ ಕೈಗಿಡುತ್ತಾರೆ. 'ನನ್ನೆದುರೇ ನುಂಗಿಬಿಡಿ' ಎಂದಾಗ 'ಇನ್ನೂ ಊಟ ಆಗಿಲ್ಲ ಅಕ್ಕಾ, ಆಮೇಲೆ ತಗೋತೀವಿ' ಎಂಬ ಉತ್ತರ ಬರುತ್ತದೆ. ಆ ಮಾತ್ರೆಗಳು ಗೋಡೆಯ ಗೂಡು ಸೇರುತ್ತವೆ. ಸಂಜೆಯ ಹೊತ್ತಿಗೆ ಪಕ್ಕದ ಗಲ್ಲಿಯಿಂದ ಸುದ್ದಿ ಬರುತ್ತದೆ: ಮಾತ್ರೆ ನುಂಗಿದ ಒಬ್ಬರಿಗೆ ವಾಂತಿಯಾಯಿತಂತೆ, ಇನ್ನೊಬ್ಬರಿಗೆ ತಲೆ ಸುತ್ತಿ ಬಂದು ಆಸ್ಪತ್ರೆಗೆ ಒಯ್ದರಂತೆ. ಗೂಡಿನಲ್ಲಿದ್ದ ಮಾತ್ರೆಗಳು ಮರುದಿನ ಬೆಳಗ್ಗೆ ಕಸದ ಬುಟ್ಟಿಯಲ್ಲಿರುತ್ತವೆ. ಆದರೆ ಕಾರ್ಯಕರ್ತೆಯ ಪುಸ್ತಕದಲ್ಲಿ ಆ ಮನೆಯ ಎದುರು 'ವಿತರಿಸಲಾಗಿದೆ' ಎಂದು ದಾಖಲಾಗಿರುತ್ತದೆ. ಇಲಾಖೆಯ ಲೆಕ್ಕದಲ್ಲಿ ಗುರಿ ಸಾಧನೆಯಾಗಿರುತ್ತದೆ.

ಆನೆಕಾಲು ರೋಗದ ಮಾತ್ರೆ ಹಂಚಿಕೆ ನಡೆದ ನಮ್ಮ ಪಟ್ಟಣಗಳ ಓದುಗರಿಗೆ ಈ ದೃಶ್ಯ ಹೊಸದೇನೂ ಅಲ್ಲ. ಪ್ರಶ್ನೆಯೇನೆಂದರೆ, ಇಲ್ಲಿ ತಪ್ಪು ಯಾರದು? ಮಾತ್ರೆ ಎಸೆದ ತಾಯಿಯದೇ? ಬಿಸಿಲಲ್ಲಿ ಮನೆಮನೆ ಅಲೆದ ಕಾರ್ಯಕರ್ತೆಯದೇ? ಅಥವಾ 'ಏನೂ ಆಗುವುದಿಲ್ಲ' ಎಂಬ ಒಂದೇ ವಾಕ್ಯದೊಂದಿಗೆ ಅವರನ್ನು ಬೀದಿಗೆ ಕಳುಹಿಸಿದ ವ್ಯವಸ್ಥೆಯದೇ? ನಮ್ಮ ಅಭಿಪ್ರಾಯದಲ್ಲಿ ದೋಷವಿರುವುದು ಆ ಒಂದು ವಾಕ್ಯದಲ್ಲಿ. ಏಕೆಂದರೆ ಅದು ಸುಳ್ಳು. ಕೆಲವರಿಗೆ ಏನಾದರೂ ಆಗಿಯೇ ಆಗುತ್ತದೆ. ಅದು ಏಕಾಗುತ್ತದೆ, ಎಷ್ಟು ದಿನ ಇರುತ್ತದೆ, ಯಾವಾಗ ಹೆದರಬೇಕು, ಯಾವಾಗ ಹೆದರಬೇಕಾಗಿಲ್ಲ ಎಂಬುದನ್ನು ಮೊದಲೇ ಹೇಳಿದ್ದರೆ ಮಾತ್ರೆ ಹೊಟ್ಟೆ ಸೇರುತ್ತಿತ್ತು.

ಮೊದಲು ರೋಗದ ಬಗ್ಗೆ ಎರಡು ಮಾತು. ಆನೆಕಾಲು ರೋಗವನ್ನು ಉಂಟುಮಾಡುವುದು ನೂಲಿನಂಥ ಒಂದು ಹುಳು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುತ್ತದೆ. ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅವುಗಳ ಮರಿಗಳು ರಾತ್ರಿಯ ಹೊತ್ತು ರಕ್ತದಲ್ಲಿ ಓಡಾಡುತ್ತವೆ. ಸೋಂಕು ತಗುಲಿದ ಹಲವರಿಗೆ ವರ್ಷಗಳವರೆಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕಾಲು ಬಾತು, ಚರ್ಮ ದಪ್ಪಗಾಗಿ, ದುಡಿಯುವ ಮನುಷ್ಯ ಮೂಲೆಗುಂಪಾದ ಮೇಲೆ ಯಾವ ಮಾತ್ರೆಯೂ ಆ ಕಾಲನ್ನು ಮೊದಲಿನಂತೆ ಮಾಡಲಾರದು. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಹಾಗೂ ಕರಾವಳಿಯ ಮೂರು ಜಿಲ್ಲೆಗಳು ಈ ರೋಗದ ಪಟ್ಟಿಗೆ ಸೇರಿದವು. 2004ರಿಂದ ದೇಶದಲ್ಲಿ ಸಾಮೂಹಿಕವಾಗಿ ಡಿಇಸಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯಿತು. 2007ರಲ್ಲಿ ಅದರ ಜೊತೆಗೆ ಅಲ್ಬೆಂಡಝೋಲ್ ಸೇರಿತು. ಆ ಬಳಿಕ ಕೆಲವು ಜಿಲ್ಲೆಗಳಲ್ಲಿ ಐವರ್ಮೆಕ್ಟಿನ್ ಎಂಬ ಮೂರನೆಯದೂ ಸೇರಿತು. 2027ರೊಳಗೆ ರೋಗವನ್ನು ನಿರ್ಮೂಲನೆ ಮಾಡುವ ಗುರಿಯನ್ನು ಭಾರತ ಇಟ್ಟುಕೊಂಡಿತು. ಗುರಿ ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಒಟ್ಟು ಜನಸಂಖ್ಯೆಯ ನೂರಕ್ಕೆ 65 ಮಂದಿಯಾದರೂ ಮಾತ್ರೆಯನ್ನು ನಿಜವಾಗಿ ನುಂಗಿದರೆ ಮಾತ್ರ ಅದು ಫಲ ನೀಡುತ್ತದೆ. ಗೂಡಿನಲ್ಲಿರುವ ಮಾತ್ರೆ ಯಾವ ಹುಳುವನ್ನೂ ಕೊಲ್ಲುವುದಿಲ್ಲ.

ಇನ್ನು ಮಾತ್ರೆ ನುಂಗಿದವರಿಗೆ ಜ್ವರ ಏಕೆ ಬರುತ್ತದೆ? ಮಾತ್ರೆ ಕೆಲಸ ಮಾಡಿದಾಗ ರಕ್ತದಲ್ಲಿದ್ದ ಸಾವಿರಾರು ಮರಿಹುಳುಗಳು ಒಮ್ಮೆಲೇ ಸಾಯುತ್ತವೆ. ಸತ್ತ ಹುಳುಗಳ ಅಂಶಗಳೂ ಅವುಗಳೊಳಗೆ ವಾಸಿಸುವ ಒಂದು ಬಗೆಯ ಬ್ಯಾಕ್ಟೀರಿಯಾವೂ ರಕ್ತದಲ್ಲಿ ಬಿಡುಗಡೆಯಾಗುತ್ತವೆ. ನಮ್ಮ ದೇಹದ ಕಾವಲು ಪಡೆ ಅವುಗಳ ವಿರುದ್ಧ ಎದ್ದು ನಿಲ್ಲುತ್ತದೆ. ಅದರ ಫಲವೇ ಜ್ವರ, ತಲೆನೋವು, ಮೈಕೈ ನೋವು, ವಾಕರಿಕೆ, ತಲೆಸುತ್ತು. ಸಾಮಾನ್ಯವಾಗಿ ಇದು ಒಂದೆರಡು ದಿನಗಳೊಳಗೆ ಕಾಣಿಸಿಕೊಂಡು ಎರಡು ಮೂರು ದಿನಗಳಲ್ಲಿ ತಾನಾಗಿಯೇ ತಗ್ಗುತ್ತದೆ. ವಿಪರ್ಯಾಸವೆಂದರೆ, 'ನನಗೆ ಯಾವ ರೋಗವೂ ಇಲ್ಲ, ಈ ಮಾತ್ರೆಯಿಂದಲೇ ಜ್ವರ ಬಂತು' ಎಂದು ಸಿಟ್ಟಾಗುವ ವ್ಯಕ್ತಿಯ ರಕ್ತದಲ್ಲಿ ಹುಳು ಇದ್ದಿರುವ ಸಾಧ್ಯತೆ ಹೆಚ್ಚು. ಅಂದರೆ ಮಾತ್ರೆಯ ಅಗತ್ಯ ಯಾರಿಗೆ ಹೆಚ್ಚಿತ್ತೋ ಅವರೇ ಅದರ ಬಗ್ಗೆ ಹೆಚ್ಚು ಭಯಪಟ್ಟು, ಮುಂದಿನ ವರ್ಷ ಬಾಗಿಲು ಮುಚ್ಚುತ್ತಾರೆ.

ಇದು ಊಹೆಯ ಮಾತಲ್ಲ. ಮೂರು ಮಾತ್ರೆಗಳನ್ನು ಒಟ್ಟಿಗೆ ಕೊಟ್ಟರೆ ಸುರಕ್ಷಿತವೇ ಎಂದು ತಿಳಿಯಲು ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತದ ಪಾಲು ನಡೆದದ್ದು ನಮ್ಮದೇ ಯಾದಗಿರಿ ಜಿಲ್ಲೆಯಲ್ಲಿ. ಸುಮಾರು ನೂರರಲ್ಲಿ ಹನ್ನೆರಡು ಮಂದಿಗೆ ಯಾವುದಾದರೊಂದು ತೊಂದರೆ ಕಾಣಿಸಿಕೊಂಡಿತ್ತು, ಹೆಚ್ಚಿನವು ಸೌಮ್ಯವಾದವು. ರಕ್ತದಲ್ಲಿ ಹುಳುವಿದ್ದವರಲ್ಲಿ ಈ ಪ್ರಮಾಣ ಬಹಳ ಹೆಚ್ಚಿತ್ತು. ಗಂಭೀರವಾದವು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಗಮನಿಸಿ, ಆ ಅಧ್ಯಯನದಲ್ಲಿ ಮಾತ್ರೆ ಕೊಟ್ಟವರು ಮತ್ತೆ ಬಂದು 'ಹೇಗಿದ್ದೀರಿ' ಎಂದು ಕೇಳಿದ್ದರು. ಕೇಳಿದ್ದರಿಂದಲೇ ಆ ಅಂಕಿ ದೊರೆಯಿತು. ಅಧ್ಯಯನಕ್ಕೆ ಸಲ್ಲುವ ಈ ಕಾಳಜಿ ಅದೇ ಮಾತ್ರೆಯನ್ನು ನುಂಗುವ ಸಾಮಾನ್ಯ ಮನೆಗೆ ಏಕೆ ಸಲ್ಲಬಾರದು?

ಅಧಿಕಾರಿಗಳ ವಾದವೊಂದಿದೆ: ಅಡ್ಡಪರಿಣಾಮಗಳನ್ನು ಮೊದಲೇ ಹೇಳಿದರೆ ಜನರು ಹೆದರಿ ಮಾತ್ರೆಯನ್ನೇ ಮುಟ್ಟುವುದಿಲ್ಲ. ಮೇಲ್ನೋಟಕ್ಕೆ ಇದು ಸರಿಯೆನಿಸಬಹುದು. ಆದರೆ ಹೇಳದಿದ್ದಾಗ ಏನಾಗುತ್ತದೆ? 2007ರಲ್ಲಿ ಆಫ್ರಿಕಾದ ಘಾನಾದಲ್ಲಿ ಶಾಲಾ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ನೀಡುತ್ತಿದ್ದಾಗ, ಮಾತ್ರೆ ತಿಂದ ಮಕ್ಕಳು ಅಸ್ವಸ್ಥರಾದರು, ಸತ್ತರು ಎಂಬ ವದಂತಿ ಹಬ್ಬಿತು. ಹೆತ್ತವರು ದಿಕ್ಕೆಟ್ಟು ಶಾಲೆಗಳತ್ತ ಧಾವಿಸಿದರು. ಕಾರ್ಯಕ್ರಮವೇ ಹಳಿ ತಪ್ಪಿತು. ಹೊಟ್ಟೆನೋವು, ವಾಂತಿ ಬರಬಹುದೆಂದು ಮೊದಲೇ ತಿಳಿದಿರುವ ತಾಯಿ, ಮಗು ವಾಂತಿ ಮಾಡಿದಾಗ 'ಇದನ್ನು ಹೇಳಿದ್ದರು' ಎಂದುಕೊಳ್ಳುತ್ತಾಳೆ. ತಿಳಿಯದ ತಾಯಿ 'ಇದನ್ನು ಮುಚ್ಚಿಟ್ಟರು' ಎಂದುಕೊಳ್ಳುತ್ತಾಳೆ. ಈ ಎರಡು ಮಾತುಗಳ ನಡುವಿನ ಅಂತರವೇ ನಂಬಿಕೆ ಮತ್ತು ವದಂತಿಯ ನಡುವಿನ ಅಂತರ.

ಹಾಗೆಂದು, ಎಲ್ಲ ಭಯವೂ ಕೇವಲ ವದಂತಿ ಎನ್ನಲಾಗದು. ಕ್ಯಾಮರೂನ್ ದೇಶದ ಅನುಭವವನ್ನು ನೋಡಿ. ನದೀಕುರುಡು ಎಂಬ ಕಾಯಿಲೆಯನ್ನು ತಡೆಯಲು ಅಲ್ಲಿ ಐವರ್ಮೆಕ್ಟಿನ್ ಹಂಚಲಾಗುತ್ತಿತ್ತು. ಅದರ ಮೂಲವಸ್ತುವನ್ನು ಕಂಡುಹಿಡಿದವರಿಗೆ 2015ರ ನೊಬೆಲ್ ಪ್ರಶಸ್ತಿ ಸಂದಿದೆ. ಕೋಟ್ಯಂತರ ಜನರ ದೃಷ್ಟಿಯನ್ನು ಕಾಪಾಡಿದ ಮದ್ದು ಅದು. ಆದರೆ ಆ ಪ್ರದೇಶದ ಕೆಲವರ ರಕ್ತದಲ್ಲಿ 'ಲೋವಾ ಲೋವಾ' ಎಂಬ ಇನ್ನೊಂದು ಹುಳುವಿನ ಮರಿಗಳು ವಿಪರೀತ ಸಂಖ್ಯೆಯಲ್ಲಿದ್ದವು. ಅಂಥವರು ಈ ಮಾತ್ರೆ ನುಂಗಿದಾಗ ಅವೆಲ್ಲ ಒಟ್ಟಿಗೆ ಸತ್ತು ಮೆದುಳಿಗೆ ಪೆಟ್ಟಾಗುತ್ತಿತ್ತು. ಕೆಲವರು ಪ್ರಜ್ಞಾಹೀನರಾದರು, ಕೆಲವರು ತೀರಿಕೊಂಡರು. ಒಕೋಲಾ ಎಂಬ ಪ್ರದೇಶದಲ್ಲಿ 1999ರಲ್ಲಿ ಇಂಥ ಸಾವುಗಳಾದ ಬಳಿಕ ವಿತರಣೆ ನಿಂತಿತು. ಅಲ್ಲಿನ ಜನ ಮಾತ್ರೆಯನ್ನು ತಿರಸ್ಕರಿಸಿದರೆ ಅವರನ್ನು ಅಜ್ಞಾನಿಗಳೆಂದು ಜರೆಯಲಾದೀತೇ?

ಹದಿನಾರು ವರ್ಷಗಳ ಬಳಿಕ, 2015ರಲ್ಲಿ, ವೈದ್ಯರು ಅದೇ ಒಕೋಲಾಕ್ಕೆ ಮರಳಿದರು. ಈ ಬಾರಿ ಬರಿಗೈಯಲ್ಲಿ ಮಾತ್ರೆ ಹಿಡಿದು ಹೋಗಲಿಲ್ಲ. ಮೊಬೈಲ್ ಫೋನಿಗೆ ಜೋಡಿಸಿದ ಪುಟ್ಟ ಸೂಕ್ಷ್ಮದರ್ಶಕವೊಂದು ಅವರ ಜೊತೆಗಿತ್ತು. ಬೆರಳ ತುದಿಯ ಒಂದು ಹನಿ ರಕ್ತವನ್ನು ಅದರಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಹುಳುಗಳ ಸಂಖ್ಯೆ ತಿಳಿಯುತ್ತಿತ್ತು. 16 ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಲಾಯಿತು. ಅಪಾಯದ ಮಟ್ಟದಲ್ಲಿದ್ದವರು ನೂರಕ್ಕೆ ಸುಮಾರು ಇಬ್ಬರು ಮಾತ್ರ. ಅವರನ್ನು ಬಿಟ್ಟು ಉಳಿದವರಲ್ಲಿ ಬಹುತೇಕ ಎಲ್ಲರಿಗೂ ಮಾತ್ರೆ ನೀಡಲಾಯಿತು. ಒಂದೇ ಒಂದು ಗಂಭೀರ ಅಡ್ಡಪರಿಣಾಮವೂ ವರದಿಯಾಗಲಿಲ್ಲ. ಜನರ ನೋವನ್ನು ವದಂತಿಯೆಂದು ತಳ್ಳಿಹಾಕದೆ ಅದರ ಕಾರಣವನ್ನು ಹುಡುಕಿದ್ದರಿಂದ ದೊರೆತ ಫಲವಿದು. ಒಂದು ಮಾತು ಸ್ಪಷ್ಟವಾಗಿರಲಿ: ಲೋವಾ ಲೋವಾ ಆಫ್ರಿಕಾದ ಕೆಲವು ಭಾಗಗಳಿಗೆ ಸೀಮಿತವಾದ ಹುಳು, ಭಾರತದಲ್ಲಿ ಅದಿಲ್ಲ. ಕ್ಯಾಮರೂನಿನ ಭಯವನ್ನು ಕಲಬುರಗಿಗೆ ತರಬೇಕಾಗಿಲ್ಲ. ತರಬೇಕಾದುದು ಅಲ್ಲಿನ ಪಾಠವನ್ನು.

ಈಜಿಪ್ಟಿನ ಕತೆ ಇದಕ್ಕಿಂತಲೂ ಕಹಿ. ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ದುಡಿಯುವ ರೈತರನ್ನು ಬಿಲ್ಹಾರ್ಝಿಯಾ ಎಂಬ ಹುಳುರೋಗ ಶತಮಾನಗಳಿಂದ ಕಾಡುತ್ತಿತ್ತು. ಅರಬ್ ಜಗತ್ತಿನ ಹೆಸರಾಂತ ಗಾಯಕ ಅಬ್ದುಲ್ ಹಲೀಂ ಹಾಫಿಝ್ 1977ರಲ್ಲಿ ತೀರಿಕೊಂಡದ್ದು ಇದೇ ರೋಗದ ತೊಡಕುಗಳಿಂದ. ಅಲ್ಲಿನ ಸರಕಾರ 1980ರ ದಶಕದ ಆರಂಭದವರೆಗೂ ಹಳ್ಳಿಹಳ್ಳಿಗಳಲ್ಲಿ ಆಂಟಿಮನಿಯ ಚುಚ್ಚುಮದ್ದನ್ನು ಸಾಮೂಹಿಕವಾಗಿ ನೀಡಿತು. ಉದ್ದೇಶ ಉದಾತ್ತವಾಗಿತ್ತು. ಆದರೆ ಒಬ್ಬರಿಗೆ ಹತ್ತಾರು ಬಾರಿ ಚುಚ್ಚಬೇಕಿತ್ತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಮತ್ತೆ ಮತ್ತೆ ಬಳಸಲಾಯಿತು. ಹುಳು ಹೋಯಿತು, ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗ ಬಂತು. ಆ ವೈರಸ್ಸನ್ನು ಜಗತ್ತು ಗುರುತಿಸಿದ್ದೇ 1989ರಲ್ಲಿ. 2008ರ ಸಮೀಕ್ಷೆಯಲ್ಲಿ ಈಜಿಪ್ಟಿನ 15ರಿಂದ 59 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 15 ಮಂದಿಯಲ್ಲಿ ಆ ಸೋಂಕಿನ ಕುರುಹಿತ್ತು. ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಆದರೆ ಅದೇ ಈಜಿಪ್ಟ್ 2018–19ರಲ್ಲಿ ಸುಮಾರು 5 ಕೋಟಿ ಜನರನ್ನು ಪರೀಕ್ಷಿಸಿ, ರೋಗವಿದ್ದವರಿಗೆ ಉಚಿತ ಚಿಕಿತ್ಸೆ ನೀಡಿತು. ಆ ರೋಗದ ನಿರ್ಮೂಲನೆಯತ್ತ ಇಟ್ಟ ಹೆಜ್ಜೆಗಾಗಿ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಗೌರವಿಸಿತು. ಮದ್ದು ಕೊಟ್ಟವರು ಮತ್ತೆ ಬಾಗಿಲು ತಟ್ಟಿದರು, ನಿಜ. ಆದರೆ ಒಂದು ತಲೆಮಾರು ತಡವಾಗಿ.

ಅಷ್ಟಕ್ಕೂ, ಈ ಪಾಠ ಕಲಿಯಲು ನಾವು ವಿದೇಶಕ್ಕೇ ಹೋಗಬೇಕೆಂದಿಲ್ಲ. ಪೋಲಿಯೋ ಹನಿಯಿಂದ ಸಂತಾನಹೀನತೆ ಬರುತ್ತದೆಂಬ ಸುಳ್ಳು ಉತ್ತರ ಪ್ರದೇಶದ ನಮ್ಮ ಸಮುದಾಯದ ಮೊಹಲ್ಲಾಗಳನ್ನು ಹೇಗೆ ಕಾಡಿತ್ತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಆದೇಶಗಳಿಂದ ಆ ಬಾಗಿಲುಗಳು ತೆರೆಯಲಿಲ್ಲ. ಉಲಮಾಗಳು ಮುಂದೆ ಬಂದರು, ಮಸೀದಿಗಳಿಂದ ಘೋಷಣೆಗಳಾದವು, ಅದೇ ಗಲ್ಲಿಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಕುಳಿತು ಮಾತನಾಡಿದರು. ದೇಶದ ಕೊನೆಯ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು. ಪೋಲಿಯೋ ವಿಷಯದಲ್ಲಿ ಗೆದ್ದ ದಾರಿಯನ್ನು ಹುಳುವಿನ ಮಾತ್ರೆಯ ವಿಷಯದಲ್ಲಿ ಮರೆಯುವುದೇಕೆ?

ಮಕ್ಕಳ ವಿಷಯಕ್ಕೆ ಬರೋಣ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವಯಸ್ಸಿನವರಿಗೆ ಶಾಲೆ ಮತ್ತು ಅಂಗನವಾಡಿಗಳಲ್ಲಿ ಅಲ್ಬೆಂಡಝೋಲ್ ನೀಡಲಾಗುತ್ತದೆ; ಫೆಬ್ರವರಿ 10 ಮತ್ತು ಆಗಸ್ಟ್ 10 ಅದರ ದಿನಾಂಕಗಳು. ಹೊಟ್ಟೆಯಲ್ಲಿ ಹುಳು ಹೆಚ್ಚಿರುವ ಮಗುವಿಗೆ ವಾಕರಿಕೆ, ಹೊಟ್ಟೆನೋವು, ಸುಸ್ತು ಬರಬಹುದು. ಸಾಮಾನ್ಯವಾಗಿ ಅದು ಬೇಗನೆ ಹೋಗುತ್ತದೆ. ಆದರೆ ಪುಟ್ಟ ಮಕ್ಕಳ ವಿಷಯದಲ್ಲಿ ಅಪಾಯ ಬೇರೆಯೇ ಇದೆ. ಅತ್ತು ಕೂಗುವ ಮಗುವಿನ ಮೂಗು ಹಿಡಿದು ಇಡೀ ಮಾತ್ರೆ ತುರುಕಿದರೆ ಅದು ಶ್ವಾಸನಾಳದಲ್ಲಿ ಸಿಲುಕಬಹುದು. 2007ರಲ್ಲಿ ಇಥಿಯೋಪಿಯಾದ ಅಭಿಯಾನದಲ್ಲಿ ಪುಟ್ಟ ಮಕ್ಕಳು ಹೀಗೆ ಉಸಿರುಗಟ್ಟಿ ಸತ್ತರು. ಕೊಂದದ್ದು ಮದ್ದಲ್ಲ, ಅವಸರ. ಆದ್ದರಿಂದ 1ರಿಂದ 2 ವರ್ಷದ ಮಗುವಿಗೆ ಅರ್ಧ ಮಾತ್ರೆ, 2ರಿಂದ 3 ವರ್ಷದವರಿಗೆ ಒಂದು ಮಾತ್ರೆ. ಎರಡನ್ನೂ ಪುಡಿ ಮಾಡಿ ನೀರಿನಲ್ಲಿ ಕದಡಿಯೇ ಕೊಡಬೇಕು. ದೊಡ್ಡ ಮಕ್ಕಳು ಜಗಿದು ನುಂಗಬೇಕು. ಜ್ವರ ಅಥವಾ ಬೇರೆ ಕಾಯಿಲೆಯಿರುವ ಮಗುವಿಗೆ ಅಂದು ಬೇಡ. ಗುಣವಾದ ಮೇಲೆ ಕೊಡಿಸಬಹುದು.

ಇನ್ನೊಂದು ವಿಷಯವನ್ನು ನಾವೇ ಇಲಾಖೆಯ ಗಮನಕ್ಕೆ ತರಬೇಕಾಗಿದೆ. 2023ರಿಂದ ಆನೆಕಾಲು ರೋಗದ ಮಾತ್ರೆಗಳ ಸುತ್ತುಗಳನ್ನೂ ಇದೇ ಎರಡು ದಿನಾಂಕಗಳಿಗೆ ಜೋಡಿಸಲಾಯಿತು. ಆ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಕಾರ್ಯಕರ್ತೆಯ ಎದುರೇ ನುಂಗಬೇಕೆಂಬುದು ನಿಯಮ. 2027ರ ರಮಝಾನ್ ಫೆಬ್ರವರಿ 8ರ ಆಸುಪಾಸಿನಲ್ಲಿ ಆರಂಭವಾಗುವ ಲೆಕ್ಕವಿದೆ. ಉಪವಾಸವಿರುವ ಮನೆಗೆ ಮಧ್ಯಾಹ್ನ ಬಂದು 'ಈಗಲೇ ನುಂಗಿ' ಎಂದರೆ ಅದು ಸಾಧ್ಯವೇ? ಆಗ ಎರಡರಲ್ಲೊಂದು ಆಗುತ್ತದೆ: ಒಂದೋ ಮಾತ್ರೆ ಗೂಡು ಸೇರುತ್ತದೆ, ಇಲ್ಲವೇ 'ಮುಸ್ಲಿಮರು ಸಹಕರಿಸುವುದಿಲ್ಲ' ಎಂಬ ಷರಾ ಬರೆಯಲ್ಪಡುತ್ತದೆ. ಇಫ್ತಾರ್ ಮುಗಿಸಿ ಊಟ ಮಾಡಿದ ಬಳಿಕ ಅದೇ ಮೊಹಲ್ಲಾದಲ್ಲಿ ಒಂದು ತಾಸು ಮಾತ್ರೆ ನುಂಗಿಸುವ ಏರ್ಪಾಡು ಮಾಡಿದರೆ, ಅಥವಾ ಈದ್‌ನ ಬಳಿಕ ಒಂದು ದಿನ ಇಟ್ಟುಕೊಂಡರೆ ಸಮಸ್ಯೆಯೇ ಇರದು. ಜಮಾಅತ್ ಸಮಿತಿಗಳು ತಾಲೂಕು ಆರೋಗ್ಯಾಧಿಕಾರಿಗೆ ಮೊದಲೇ ಒಂದು ಮನವಿ ಕೊಟ್ಟರೆ ಸಾಕು.

ಹಾಗಾದರೆ ಜನರಿಗೆ ಮೊದಲೇ ಹೇಳಬೇಕಾದುದೇನು? ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ಆನೆಕಾಲಿನ ಮಾತ್ರೆ ತೆಗೆದುಕೊಳ್ಳಬಾರದು. ಮಾತ್ರೆಯ ಬಳಿಕ ಜ್ವರ, ಮೈಕೈ ನೋವು ಬಂದರೆ ವಿಶ್ರಾಂತಿ, ನೀರು, ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸಾಕಾಗುತ್ತದೆ. ದುಗ್ಧನಾಳದೊಳಗಿನ ದೊಡ್ಡ ಹುಳು ಸಾಯುವಾಗ ಕೆಲವು ಗಂಡಸರಿಗೆ ಕೆಲ ದಿನಗಳ ಬಳಿಕ ವೃಷಣದ ಭಾಗದಲ್ಲಿ ನೋವು ಅಥವಾ ಸಣ್ಣ ಗಂಟು ಕಾಣಿಸಬಹುದು. ಕಾರ್ಯಕರ್ತೆ ಹೆಣ್ಣುಮಗಳಾದ್ದರಿಂದ ಇದನ್ನು ಹೇಳಲಾರರು, ಗಂಡಸರು ಕೇಳಲಾರರು. ಈ ಮೌನವನ್ನು ಮುರಿಯಲು ಒಬ್ಬ ಪುರುಷ ಆರೋಗ್ಯ ಕಾರ್ಯಕರ್ತನನ್ನು ಕಳುಹಿಸುವುದು ಕಷ್ಟವೇ? ಉಸಿರಾಟದ ತೊಂದರೆ, ಮುಖ ಬಾತುಕೊಳ್ಳುವುದು, ಮೈಯೆಲ್ಲ ದದ್ದು, ಫಿಟ್ಸ್, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಫಿಟ್ಸ್ ಬಗ್ಗೆ ಒಂದು ತಪ್ಪು ಕಲ್ಪನೆ ನಮ್ಮಲ್ಲಿದೆ. ಹಂದಿಯ ಲಾಡಿಹುಳುವಿನ ಮರಿಗಳು ಮೆದುಳಿನಲ್ಲಿ ಸೇರಿಕೊಂಡರೆ ಫಿಟ್ಸ್ ಬರುತ್ತದೆ. ಹಂದಿಮಾಂಸ ತಿನ್ನದ ನಮಗೆ ಅದು ಬರಲಾರದೆಂದು ಹಲವರು ನಂಬಿದ್ದಾರೆ. ನಿಜವೇನೆಂದರೆ, ಆ ಹುಳುವಿನ ಮೊಟ್ಟೆಗಳು ಹರಡುವುದು ಅದನ್ನು ಹೊಟ್ಟೆಯಲ್ಲಿ ಹೊತ್ತ ಮನುಷ್ಯನ ಮಲದಿಂದ. ಕೊಳಕು ನೀರು, ತೊಳೆಯದ ಸೊಪ್ಪು, ತೊಳೆಯದ ಕೈ ಮೂಲಕ ಅದು ಯಾರ ಹೊಟ್ಟೆಯನ್ನಾದರೂ ಸೇರಬಹುದು. ಅಂಥವರಲ್ಲಿ ಹುಳುವಿನ ಮಾತ್ರೆಯಿಂದ ಮೆದುಳಿನ ಊತ ಹೆಚ್ಚಿ ಫಿಟ್ಸ್ ಕಾಣಿಸಿಕೊಳ್ಳುವುದುಂಟು. ಆದ್ದರಿಂದಲೇ ವೈದ್ಯರು ಆ ಚಿಕಿತ್ಸೆಯನ್ನು ಊತ ತಗ್ಗಿಸುವ ಮದ್ದಿನೊಂದಿಗೆ, ತಮ್ಮ ನಿಗಾದಲ್ಲಿ ನೀಡುತ್ತಾರೆ. ಹಿಂದೆ ಫಿಟ್ಸ್ ಬಂದಿರುವವರು ಅದನ್ನು ಮುಚ್ಚಿಡದೆ ಮೊದಲು ವೈದ್ಯರಿಗೆ ಹೇಳಬೇಕು. ಮದುವೆ ಸಂಬಂಧ ತಪ್ಪೀತೆಂದು ಫಿಟ್ಸ್ ಮರೆಮಾಚುವ ನಮ್ಮ ಚಾಳಿ ಇಲ್ಲಿ ಜೀವಕ್ಕೇ ಎರವಾದೀತು.

ಸರಕಾರದ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮಾತ್ರೆಯೊಂದಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಚೀಟಿ ಕೊಡಲಿ. ಏನಾಗಬಹುದೆಂದು ಅದರಲ್ಲಿ ಬರೆದಿರಲಿ. ಮಾತ್ರೆ ಕೊಟ್ಟವರು ಮರುದಿನ ಅದೇ ಬಾಗಿಲು ತಟ್ಟಲಿ. ಆ ದಿನದ ಕೂಲಿಯನ್ನೂ ಅವರಿಗೆ ಕೊಡಲಿ. ಅಸ್ವಸ್ಥರಾದವರ ಆಸ್ಪತ್ರೆ ಖರ್ಚನ್ನು ಸರಕಾರವೇ ಭರಿಸಲಿ. 'ವಿತರಿಸಲಾಗಿದೆ' ಎಂಬ ಅಂಕಣದ ಪಕ್ಕದಲ್ಲಿ 'ನುಂಗಿದ್ದಾರೆ', 'ತೊಂದರೆಯಾಗಿದೆ' ಎಂಬ ಎರಡು ಅಂಕಣಗಳ ಲೆಕ್ಕವನ್ನೂ ಜನರ ಮುಂದಿಡಲಿ. ಔಷಧಿಗಳ ಅಡ್ಡಪರಿಣಾಮವನ್ನು ದಾಖಲಿಸಲು 2010ರಲ್ಲೇ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿದೆ. ರೋಗಿಯೇ ನೇರವಾಗಿ ದೂರು ಹೇಳಲು 1800-180-3024 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಈ ಸಂಖ್ಯೆ ಎಷ್ಟು ಮನೆಗಳಿಗೆ ತಿಳಿದಿದೆ? ಆ ಚೀಟಿಯ ಕೊನೆಯಲ್ಲಿ ಅದನ್ನು ಮುದ್ರಿಸಲು ಹೆಚ್ಚುವರಿ ಖರ್ಚು ಬೇಕಿಲ್ಲ.

ಇನ್ನು ನಮ್ಮ ಪಾಲು. ಮಾತ್ರೆ ಬೇಡವೆನಿಸಿದರೆ ಬೇಡವೆಂದು ಹೇಳುವ, ಸಂಶಯವಿದ್ದರೆ ಕೇಳುವ ಧೈರ್ಯ ನಮಗಿರಬೇಕು. ಮುಗುಳ್ನಕ್ಕು ಪಡೆದು ಕಸಕ್ಕೆ ಹಾಕುವುದು ಸುಳ್ಳಿಗೆ ಸುಳ್ಳನ್ನೇ ಮರಳಿಸಿದಂತೆ. ಪಕ್ಕದ ಗಲ್ಲಿಯ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಮೊದಲು ಆ ಗಲ್ಲಿಗೇ ಹೋಗಿ ಅಸ್ವಸ್ಥರಾದವರನ್ನು ಕಂಡು ಬರೋಣ. ಹೆಚ್ಚಿನ ಸಲ ಅವರು ಎದ್ದು ಕುಳಿತು ಚಹಾ ಕುಡಿಯುತ್ತಿರುತ್ತಾರೆ. ಶುಕ್ರವಾರದ ಜುಮಾ ನಮಾಝಿನ ಬಳಿಕ ಐದು ನಿಮಿಷ ವೈದ್ಯರೊಬ್ಬರಿಂದ ಈ ಮಾತುಗಳನ್ನು ಹೇಳಿಸಿದರೆ ಅದೂ ಒಂದು ಸಮಾಜಸೇವೆಯೇ. ಆನೆಕಾಲಾದ ವ್ಯಕ್ತಿ ಮಸೀದಿಯ ಮೆಟ್ಟಿಲೇರಲು ಪಡುವ ಪಾಡನ್ನು ನಾವೆಲ್ಲ ಕಂಡಿದ್ದೇವೆ. ಎರಡು ದಿನದ ಜ್ವರ ದೊಡ್ಡದೋ, ಜೀವಮಾನವಿಡೀ ಎಳೆದುಕೊಂಡು ಸಾಗುವ ಆ ಕಾಲು ದೊಡ್ಡದೋ? ನಿಜವನ್ನು ಮುಂದಿಟ್ಟು ಕೇಳಿದರೆ ನಮ್ಮ ತಾಯಂದಿರು ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಕೇಳುವವರು ಬೇಕಾಗಿದ್ದಾರೆ.